ಕಾಗೆ ಎಂಜಲಿನ ಪೆಪ್ಪರ್‌ಮೆಂಟು

ನನ್ನ ಮಗ ಆತ್ರೇಯನೂ ಹಿಂದಿನ ಕೋಣೆಯ ಧನ್ಯಾಳೂ ಕಾಗೆ ಎಂಜಲು ಮಾಡಿಕೊಂಡು ತಿಂದ ಪೆಪ್ಪರ್‌ಮೆಂಟು ಎಷ್ಟಿರಬಹುದು ಎಂಬ ಚಿಂತೆ ನನ್ನ ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ತಿಂಡಿಯ ಮೇಲೆ ಅಂಗಿಯ ಚುಂಗು ಮುಚ್ಚಿ ಕಚ್ಚಿ ಹಂಚಿಕೊಂಡರೆ ಎಂಜಲಾಗುವುದಿಲ್ಲ ಎಂಬುದು ಮಕ್ಕಳ ಕಾನೂನು. ಆದರೆ ಧನ್ಯಾಳ ದವಡೆಯಲ್ಲಿ ಎದ್ದ ಗಡ್ಡೆ ಕ್ಯಾನ್ಸರ್ ಎಂದೂ, ಅದರಲ್ಲಿ ಎಂಜಲಿನಿಂದ ಹರಡುವ ಒಂದು ವೈರಸ್ಸಿನ ಪಾಲಿದೆ ಎಂದೂ ಹಾಸನದ ಡಾಕ್ಟರು ಹೇಳಿದ್ದರು. ಬೆಳಗಾದರೆ ನಾನು ಆತ್ರೇಯನ ಕತ್ತು ಸವರಿ ನೋಡುತ್ತಿದ್ದೆ.

ಹೊಳೆನರಸೀಪುರದ ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದವರು ಧನ್ಯಾಳ ಅಜ್ಜಿ ಚಿಕ್ಕಲಕ್ಷ್ಮಮ್ಮ. ಊರು ಮಲ್ಲಿಪಟ್ಟಣದ ಕಡೆ. ಗಂಡ ಚನ್ನಪ್ಪ ಕಾಲುವೆಗೆ ನೀರು ಬಿಡುವ ನೀರುಗಂಟಿಯಾಗಿದ್ದವರು. ಅವರ ನಂತರ ಆ ಕೆಲಸ ಮಗ, ಅಂದರೆ ಧನ್ಯಾಳ ಅಪ್ಪ, ರವೀಂದ್ರನಿಗೆ. ಕಾಲುವೆ ಪಕ್ಕದ ಆ ಮನೆಯಲ್ಲಿ ಧನ್ಯಾಳಿಗೆ ಮೇಲಿಂದ ಮೇಲೆ ಮಲೇರಿಯಾ. ಸೊಸೆಗೆ ಇನ್ನೊಂದು ಕೈಗೂಸು. "ಸೊಳ್ಳೆ ತಾವ ಜಗಳ ಆಡಕಾಯ್ತದಾ" ಎಂದು ಚಿಕ್ಕಲಕ್ಷ್ಮಮ್ಮ ಮೊಮ್ಮಗಳನ್ನು ಕರೆದುಕೊಂಡು, ಶಾಲೆಗೂ ಆಯಿತೆಂದು, ಇಲ್ಲಿಗೆ ಬಂದುಬಿಟ್ಟರು. ಅದು ತೊಂಬತ್ತೇಳರ ಮಾತು.

ಬಂದು ತಿಂಗಳಾಗುವುದರೊಳಗೆ ಬೀದಿಗೆಲ್ಲ ಅವರೇ ಯಜಮಾನಿ. ಅವರ ಕತ್ತಿನಲ್ಲಿ ಚಿನ್ನದ ಗುಂಡಿನ ಸರವೊಂದಿತ್ತು. ಯಾವ ಮಗುವಿಗೆ ಮಂಗನಬಾವು ಬಂದರೂ ಚಿನ್ನ ತಾಗಿದರೆ ಇಳಿಯುತ್ತದೆಂದು ಅದನ್ನು ತಾವೇ ಹೋಗಿ ಹಾಕಿ, ಬಾವು ಇಳಿದ ಮೇಲೆ ತಾವೇ ಬಿಚ್ಚಿಕೊಂಡು ಬರುತ್ತಿದ್ದರು. ಸರ ಕಳೆದುಹೋದೀತೆಂದು ಅವರಿಗೆ ಎಂದೂ ಅನ್ನಿಸಿದ್ದಿಲ್ಲ. ಮಂಗನಬಾವು ತಾನಾಗಿ ಇಳಿಯುವ ರೋಗ, ಹಾಗಾಗಿ ಸರ ಯಾವತ್ತೂ ಸೋತಿರಲಿಲ್ಲ.

ಧನ್ಯಾಳ ಒಂದು ಕೆನ್ನೆ ಊದಿದಾಗಲೂ ಅದೇ ಸರ ಅವಳ ಕತ್ತಿಗೆ ಬಿತ್ತು. ಬಾವು ಇಳಿಯಲಿಲ್ಲ, ಬೆಳೆಯಿತು. ಇನ್ನೂ ಹಾಲುಹಲ್ಲು ಬೀಳುವ ವಯಸ್ಸಲ್ಲ, ಆದರೂ ಆ ಕಡೆಯ ದವಡೆಹಲ್ಲು ಅಲ್ಲಾಡತೊಡಗಿತು. ನಾನು ದಿನಾ ಡಾಕ್ಟರು, ಡಾಕ್ಟರು ಎಂದು ಚಿಕ್ಕಲಕ್ಷ್ಮಮ್ಮನನ್ನು ಪೀಡಿಸಿದೆ.

"ನಿಂದೊಳ್ಳೆ ಕತೆ ಪ್ರಿಯಮ್ಮ. ಮಗ ಸೀತ್ರೆ ಆಸ್ಪತ್ರೆ, ಆಕಳಿಸಿದ್ರೆ ಆಸ್ಪತ್ರೆ. ಅಲ್ಲೇ ನಿಂಗೊಂದು ಮಂಚ ಆಕ್ಸಾನ" ಎಂದರು. ಮರುದಿನ ತಾವೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. "ನಡಿ, ನಿನ್ ಬಾಯಿ ಮುಚ್ಚಸಕ್ಕಾದ್ರೂ ಬತ್ತೀನಿ."

ಹಾಸನದಲ್ಲಿ ಡಾಕ್ಟರ್ ಗೌರೀಶಂಕರ ಗಡ್ಡೆಯ ಚೂರು ತೆಗೆಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಚಿಕ್ಕಲಕ್ಷ್ಮಮ್ಮ ನೇರವಾಗಿ ಕೇಳಿದರು.

"ಉಳೀತದಾ ಸಾ?"

"ಬೇಗ ಬೆಳೆಯೋ ಗಡ್ಡೆ ಅಜ್ಜಿ. ಔಷಧಿಗೂ ಅಷ್ಟೇ ಬೇಗ ಕರಗುತ್ತೆ. ತಡಮಾಡದೆ ಬೆಂಗಳೂರಿಗೆ ಹೋಗಬೇಕು. ವಾಸಿಯಾದ ಮಕ್ಕಳು ಬೇಕಾದಷ್ಟಿದ್ದಾರೆ."

"ಅಂಗಂದ್ರೆ ಕೂತ್ಕಂಡು ಯಾಕೆ ಮಾತಾಡ್ತಿದ್ದೀವಿ" ಎಂದು ಎದ್ದರು. ಮೊಮ್ಮಗಳ ಕತ್ತಿನ ಸರ ಬಿಚ್ಚಿ, "ಇದು ಇದ್ರ ಕೈಲಾಗೋ ಕೆಲ್ಸ ಅಲ್ಲ" ಎಂದು ರವಿಕೆಗೆ ಸೇರಿಸಿಕೊಂಡರು.

ಅವರು ಬೆಂಗಳೂರಿಗೆ ಹೋದ ಮೇಲೆ ಒಂದು ದಿನ ರವೀಂದ್ರ ಬಂದ. ಒಳಗೆ ಕರೆದರೂ ಬಾಗಿಲಲ್ಲೇ ನಿಂತ.

"ಒಂದು ಸುತ್ತು ಔಸ್ದಿ ಮುಗೀತು ಅಕ್ಕ. ಇನ್ನೊಂದು ಸುತ್ತಿಗೆ ಮುಂಚೆ ಮನೇಗೆ ಬಿಡ್ತಾರಂತೆ. ಮಗೀನ ಇಲ್ಲಿಗೇ ಕರ್ಕಂಡು ಬರಬೌದಾ, ಇಲ್ಲ ಮಲ್ಲಿಪಟ್ಟಣಕ್ಕೆ ಓಗದಾ ಅಂತ ಅವ್ವ ಕೇಳವ್ಳೆ." ಅವರು ಉಳಿದಿದ್ದ ಛತ್ರದ ಫೋನ್ ನಂಬರು ಕೊಟ್ಟುಹೋದ.

ನಂಬರು ಫೋನಿನ ಪಕ್ಕದಲ್ಲೇ ಇತ್ತು. ನಾನು ಆತ್ರೇಯನನ್ನು ಕರೆದುಕೊಂಡು ಹಾಸನದ ಬಸ್ಸು ಹತ್ತಿದೆ.

ಡಾಕ್ಟರು ಅವನ ಕತ್ತು ಮುಟ್ಟಿ ನೋಡಿ ನಕ್ಕರು. "ಕ್ಯಾನ್ಸರ್ ಅಂಟೋದಿಲ್ಲ ತಾಯಿ. ಆ ವೈರಸ್ ನಿಮ್ಮ ಬಾಯಲ್ಲೂ ಇರಬಹುದು, ನನ್ನ ಬಾಯಲ್ಲೂ ಇರಬಹುದು. ಹೆಚ್ಚುಕಡಮೆ ಎಲ್ಲರಿಗೂ ಬಂದು ಸುಮ್ಮನೆ ಒಳಗೆ ಕೂತಿರುತ್ತೆ."

"ಮತ್ತೆ ಧನ್ಯಾಗೆ ಯಾಕೆ?"

"ಅದು ಅಡಗೋದು ರಕ್ತದ ಒಂದು ಬಗೆಯ ಕಾವಲು ಕಣದಲ್ಲಿ. ಪದೇ ಪದೇ ಮಲೇರಿಯಾ ಬಂದರೆ ಅವೇ ಕಣಗಳು ಬಿಡುವಿಲ್ಲದೆ ಹುಟ್ತಾ ಇರ್ತವೆ. ಆ ಅವಸರದಲ್ಲಿ ಎಲ್ಲೋ ಒಂದು ಕಣ ಕೆಟ್ಟು, ನಿಲ್ಲದೆ ಬೆಳೆಯುತ್ತೆ. ವೈರಸ್ಸನ್ನ ತಡೆಯೋ ಶಕ್ತಿಯನ್ನೂ ಮಲೇರಿಯಾ ಕುಗ್ಗಿಸಿರುತ್ತೆ. ಎರಡೂ ಸೇರಿದರೂ ಸಾವಿರಾರು ಮಕ್ಕಳಲ್ಲಿ ಯಾರೋ ಒಬ್ಬರಿಗೆ. ಆಫ್ರಿಕಾದಲ್ಲಿ ಜಾಸ್ತಿ, ನಮ್ಮಲ್ಲಿ ಅಪರೂಪ." ಆಮೇಲೆ ಗಂಭೀರವಾಗಿ ಹೇಳಿದರು: "ಈಗ ಜೋಪಾನ ಮಾಡಬೇಕಾದ್ದು ಆ ಹುಡುಗೀನ. ಔಷಧಿಯಿಂದ ಮೈ ಸೋತಿರುತ್ತೆ. ಇನ್ನೊಂದು ಸಲ ಸೊಳ್ಳೆ ಕಚ್ಚಿ ಮಲೇರಿಯಾ ಬರಬಾರದು. ನಿಮ್ಮ ಮಗನಿಗೆ ನೆಗಡಿಯಾದರೆ ಅವಳ ಹತ್ತಿರ ಬಿಡಬೇಡಿ."

ಕಾಲುವೆ ಪಕ್ಕದ ಆ ಮನೆ ನೆನಪಾಯಿತು. ಮಾರನೆಯ ದಿನವೇ ಬಡಗಿ ಸಣ್ಣಯ್ಯನನ್ನು ಕರೆಸಿ ಹಿಂದಿನ ಕೋಣೆಯ ಕಿಟಕಿ ಬಾಗಿಲಿಗೆಲ್ಲ ಜಾಲರಿ ಹೊಡೆಸಿದೆ. ಅವನು ಮೊಳೆ ಬಡಿಯುತ್ತಿರುವಾಗಲೇ ಫೋನ್ ತಿರುಗಿಸಿದೆ. ಛತ್ರದವರು ಕೂಗಿ ಕರೆದರು.

"ಯಾರು, ಪ್ರಿಯಮ್ಮನಾ? ಗಡ್ಡೆ ಅರ್ಧಕ್ಕರ್ಧ ಇಳಿದದೆ ಕಣವ್ವ. ಮೆತ್ತಗೆ ಕಲಸಿಕೊಟ್ರೆ ಅನ್ನ ನುಂಗ್ತಾವ್ಳೆ."

"ಮಲ್ಲಿಪಟ್ಟಣಕ್ಕೆ ಬೇಡ ಚಿಕ್ಕಲಕ್ಷ್ಮಮ್ಮ. ಇಲ್ಲಿಗೇ ಕರ್ಕೊಂಡು ಬನ್ನಿ. ಕೋಣೆಗೆ ಜಾಲರಿ ಹಾಕಿಸ್ತಿದೀನಿ."



"ನಿನ್ ಮಗಂಗೆ ಅಂಟ್ತದೆ ಅಂತ ಎದರ್ಕಂಡಿದ್ದೆ, ಅಲ್ವಾ?"

"ಹೂಂ."

"ಗೊತ್ತಿತ್ತು ಕಣವ್ವ. ನಾನೇ ಕೇಳಿದ್ರೆ ಇಲ್ಲ ಅನ್ನಕ್ಕೆ ನಿಂಗೆ ಕಷ್ಟ ಆಗ್ತದೆ ಅಂತ್ಲೇ ರವಿ ಕೈಲಿ ಏಳಿ ಕಳ್ಸಿದ್ದು. ಸರಿ, ಸೋಮವಾರ ಮಧ್ಯಾನ್ನದ ಬಸ್ಸಿಗೆ ಬತ್ತೀವಿ. ಕುಡಿಯೋ ನೀರು ಕಾಯಿಸಿ ಆರಿಸಿಟ್ಟಿರು."