ಕಿಟಕಿ ಭಾವ

ನನ್ನ ಭಾವನ ಮುಖ ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೂರಬಾರದು. ಒಂದೇ ಸೂರಿನ ಕೆಳಗೆ ಹದಿನಾಲ್ಕು ವರ್ಷ ಹಾವು ಮುಂಗುಸಿಯ ಹಾಗೆ ಬದುಕಿದವರು ನಾವು. ಗಂಡನ ಮನೆಯಿಂದ ಆರೇ ತಿಂಗಳಿಗೆ ವಾಪಸ್ಸು ಬಂದು, ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷೀನು ಹಾಕಿಕೊಂಡು ಕೂತವಳು ನಾನು. ಹಿಂದಿನ ಕೋಣೆ ಅಕ್ಕ ಭಾವನದು. ನಡುವೆ ಒಂದು ಪರದೆ, ಅದನ್ನೂ ನಾನೇ ಹೊಲಿದದ್ದು.

ಮನೆಗಳ ಮೇಲೆ ತಗಡಿನ ಷೀಟು ಕೂರಿಸುವುದು ಭಾವನ ಕಸುಬು. ಕೆಲಸಕ್ಕೆ ಮಾತ್ರ ಹೆಸರಿಡುವ ಹಾಗಿಲ್ಲ. ಷೀಟಿನ ಮೇಲೆ ಷೀಟು ಹತ್ತಿಸಿ, ತೂತಿನೊಳಗೆ ಕೊಕ್ಕೆ ಇಳಿಸಿ, ಕೆಳಗಿನ ಕಬ್ಬಿಣದ ಪೈಪಿಗೆ ಸಿಕ್ಕಿಸಿ, ರಬ್ಬರ್ ವಾಷರ್ ಇಟ್ಟು ನಟ್ಟು ಬಿಗಿದರೆಂದರೆ ಒಂದು ಹನಿ ಒಳಗೆ ಬೀಳದು. ಬಾಯಲ್ಲಿ ನಾಲ್ಕು ನಟ್ಟು ಕಚ್ಚಿಕೊಂಡೇ ಮನೆ ಯಜಮಾನನ ಜೊತೆ ಜಗಳವಾಡಬಲ್ಲ ಮನುಷ್ಯ. ಏಣಿ ಇಳಿದ ಮೇಲೆ ಎಲ್ಲರಿಗೂ ಒಂದೇ ಉಪದೇಶ: “ಗಾಳಿ ಎದ್ದರೆ ಒಂದು ಕಿಟಕಿ ತೆರೆದಿಡಿ. ಒಳಗೆ ಬಂದ ಗಾಳಿಗೆ ಹೊರಗೆ ಹೋಗೋಕೆ ದಾರಿ ಬೇಕು.” ಅದಕ್ಕೇ ಊರಿನವರೆಲ್ಲ ಬೆನ್ನ ಹಿಂದೆ ಅವರನ್ನು ‘ಕಿಟಕಿ’ ಎನ್ನುತ್ತಾರೆ. ನಾನು ಎದುರಿಗೇ ಅನ್ನುತ್ತೇನೆ.

ಈ ಹುಚ್ಚು ಹಿಡಿದದ್ದು ಹನ್ನೊಂದು ವರ್ಷದ ಹಿಂದಿನ ಬಿರುಗಾಳಿಯಲ್ಲಿ. ಅವತ್ತು ನಮ್ಮ ಬೀದಿಯ ತಗಡೆಲ್ಲ ಹಾರಿಹೋಯಿತು, ನಮ್ಮದೊಂದು ಉಳಿಯಿತು. ಹಿಂದಿನ ಕೋಣೆಯ ಕಿಟಕಿಯ ಚಿಲಕ ಮುರಿದು ಅದು ತೆರೆದೇ ಇತ್ತು. ಒಳಗೆ ಕೂತಿದ್ದ ಭಾವ, ಗಾಳಿ ಆ ಕಿಟಕಿಯಿಂದ ಹೊರಗೆ ಹೋದದ್ದನ್ನು ಕಣ್ಣಾರೆ ಕಂಡರಂತೆ. ಗಾಳಿಯನ್ನು ಕಣ್ಣಾರೆ ಕಂಡವರು ಲೋಕದಲ್ಲಿ ಇವರೊಬ್ಬರೇ ಇರಬೇಕು. ನಮ್ಮ ಬೆನ್ನಿಗೆ ಆಗ ಮೂರಾಳೆತ್ತರದ ಗೋದಾಮಿನ ಗೋಡೆ ಇತ್ತು, ಗಾಳಿ ಬಂದದ್ದು ಆ ಕಡೆಯಿಂದ. ಅದು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ಎರಡು ವರ್ಷದ ಹಿಂದೆ ಗೋದಾಮನ್ನು ಕೆಡವಿದರು. “ಭಾವ, ನಮ್ಮನ್ನು ಉಳಿಸಿದ್ದು ಆ ಗೋಡೆ. ಈಗ ಅದೂ ಇಲ್ಲ, ಮೇಲೆ ಹತ್ತಿ ಒಂಚೂರು ಬಿಗಿ ಮಾಡಿ” ಎಂದೆ.

“ಅವತ್ತು ನೀನು ಮನೇಲಿದ್ಯಾ? ಇದ್ದೋನು ನಾನು. ಬಾಯಿ ಮುಚ್ಕೊಂಡು ಹೊಲಿ.”

ಬಿಗಿ ಮಾಡುವುದಿರಲಿ, ಬೇರೆಯವರ ಮನೆ ಕೆಲಸಕ್ಕೆ ಕೊಕ್ಕೆ ಕಡಿಮೆ ಬಿದ್ದಾಗಲೆಲ್ಲ ನಮ್ಮ ಸೂರಿನಿಂದಲೇ ಬಿಚ್ಚಿ ಒಯ್ಯುತ್ತಿದ್ದರು. “ನಮಗೆ ಕಿಟಕಿ ಇದೆಯಲ್ಲ” ಎನ್ನುವುದು. ಕೊನೆಕೊನೆಗೆ ಮೂರು ತೂತಿಗೆ ಒಂದು ಕೊಕ್ಕೆ ಉಳಿದಿತ್ತು.

ಆ ಮೊದಲ ಬಿರುಗಾಳಿಯ ದಿನ ನಾನು ಮನೆಯಲ್ಲಿರಲಿಲ್ಲ, ನಿಜ. ಗಾಳಿ ಬರುತ್ತದೆ, ಶಾಲೆಗೆ ಹೋಗಿ ಎಂದು ಜೀಪಿನಲ್ಲಿ ಬಂದು ಸಾರಿದರೆಂದು ಅಕ್ಕನನ್ನು ಕರೆದುಕೊಂಡು ಅಲ್ಲಿಗೆ ಓಡಿದ್ದೆ. ಗಾಳಿ ನಿಂತ ಮೇಲೆ ಭಾವ ಬೀಗ ಹಾಕದೆ ಊರವರ ತಗಡು ಹೆಕ್ಕಲು ಹೋದರು. ನಾನು ಬಂದು ನೋಡಿದರೆ ನನ್ನ ಮೆಷೀನು ಮಾಯ. ನಾಲ್ಕು ತಿಂಗಳು ಕೈಯಲ್ಲಿ ಹೊಲಿದು ಬೆರಳೆಲ್ಲ ತೂತು ಬಿದ್ದವು. ಇನ್ನು ಆಕಾಶವೇ ಕಳಚಿ ಬೀಳಲಿ, ಮೆಷೀನು ಬಿಟ್ಟು ಹೊಸಿಲು ದಾಟುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಹೋದ ವರ್ಷ ಒಂದು ಮಧ್ಯಾಹ್ನ ಮತ್ತೆ ಜೀಪು ಬಂತು. ಬಿರುಗಾಳಿ ಬರುತ್ತಿದೆ, ತಗಡಿನ ಮನೆಯವರೆಲ್ಲ ಕೂಡಲೇ ಶಾಲೆಗೆ ಹೋಗಬೇಕು ಎಂದು ಮೈಕಿನಲ್ಲಿ ಕೂಗಿಕೊಂಡು ಹೋಯಿತು. ಅಕ್ಕನಿಗೆ ಮಂಡಿನೋವು, ಒಬ್ಬರ ಆಸರೆ ಇಲ್ಲದೆ ಮೆಟ್ಟಿಲಿಳಿಯಲಾರಳು. ಎರಡು ಸೀರೆ, ಮಾತ್ರೆ, ಟಾರ್ಚು ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟಿ ಮುಂದಿನ ಕೋಣೆಯ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಳು.

“ರೀ, ನಡೀರಿ ಹೋಗೋಣ. ನಂಗ್ಯಾಕೋ ಭಯ ಆಗ್ತಿದೆ.”

“ಮೈಕಿನವನಿಗೇನು ಗೊತ್ತು? ಗಾಳಿ ಜೊತೆ ಸಂಸಾರ ಮಾಡಿದ್ದಾನಾ ಅವನು? ಸುಮ್ನೆ ಕೂತ್ಕೋ, ಕಿಟಕಿ ತೆಗೀತೀನಿ.”

ಅಕ್ಕ ನನ್ನ ಕಡೆ ತಿರುಗಿದಳು. “ನೀನಾದ್ರೂ ಬಾರೇ.”

“ಆ ಶಾಲೆ ಸುದ್ದಿ ನನ್ನ ಹತ್ರ ಎತ್ತಬೇಡ. ಒಂದು ಸಲ ಹೋಗಿ ಕಳ್ಕೊಂಡಿದ್ದು ಸಾಕು.”

ಹದಿನಾಲ್ಕು ವರ್ಷದಲ್ಲಿ ನಾನೂ ಭಾವನೂ ಒಪ್ಪಿದ ಮಾತು ಅದೊಂದೇ: ಹೋಗುವುದು ಬೇಡ.

ಗಾಳಿ ಎದ್ದಿತು. ಭಾವ ಹಿಂದಿನ ಕೋಣೆಗೆ ಹೋಗಿ ಕಿಟಕಿ ತೆರೆದರು. ನಾನು ಹೋಗಿ ಮುಚ್ಚಿದೆ. ಅವರು ತೆರೆದರು, ನಾನು ಮುಚ್ಚಿದೆ. ಮಳೆ ಮುಖಕ್ಕೆ ರಾಚುತ್ತಿತ್ತು, ತಗಡು ಎದ್ದೆದ್ದು ಬಡಿಯುತ್ತಿತ್ತು. ಕಿಟಕಿಯ ಒಂದು ಕದ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

“ಬಿಡೇ ಮಾರಿ! ಮನೆ ಹಾಳು ಮಾಡೋಕೇ ಬಂದಿದ್ಯಾ?”

“ಇರೋ ಕೊಕ್ಕೆ ಎಲ್ಲಾ ಬಿಚ್ಚಿ ದಾನ ಮಾಡಿದ್ದು ನಾನಾ?”

ಪರದೆಯ ಆ ಕಡೆಯಿಂದ ಅಕ್ಕ ಕೂಗುತ್ತಲೇ ಇದ್ದಳು. ಕೇಳಿಸಿತು, ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೊತ್ತಿಗೆ ನನಗೆ ಅಕ್ಕ ಬೇಕಿರಲಿಲ್ಲ, ಈ ಮನುಷ್ಯ ಸೋಲಬೇಕಿತ್ತು. ಅಷ್ಟರಲ್ಲಿ ಸೂರು ಇಡಿಯಾಗಿ ಮೇಲೆದ್ದಿತು. ತಗಡು ಹೋದದ್ದು ಹೋಯಿತು, ಮುಂದಿನ ಕೋಣೆಯ ಪೈಪು ಕಳಚಿ ಕುರ್ಚಿಯ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಅಕ್ಕನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು.

ಮೂರನೆಯ ದಿನ ಅವಳಿಗೆ ಸರಿಯಾಗಿ ಎಚ್ಚರವಾಯಿತು. ಆಗಲೂ ನಾವು ಮಂಚದ ಆ ಕಡೆ ಒಬ್ಬರು, ಈ ಕಡೆ ಒಬ್ಬರು. “ಇವಳು ಮುಚ್ಚದೇ ಇದ್ದಿದ್ರೆ ಗಾಳಿ ಹೋಗಿರೋದು, ನಾನು ಕಂಡವನು” ಎಂದು ಭಾವ ನರ್ಸಿಗೆ ಹೇಳುತ್ತಿದ್ದರು. “ಇವರು ತೆರೆದಿದ್ದಕ್ಕೇ ಗಾಳಿ ಒಳಗೆ ನುಗ್ಗಿದ್ದು” ಎಂದು ನಾನು. ಸೂರು ಏಳುವಾಗ ಕಿಟಕಿ ತೆರೆದಿತ್ತೋ ಮುಚ್ಚಿತ್ತೋ, ದೇವರಾಣೆ ನಮ್ಮಿಬ್ಬರಿಗೂ ಗೊತ್ತಿಲ್ಲ. ಪಕ್ಕದ ಮಂಚದ ರೋಗಿಗಳು ಕತ್ತು ಚಾಚಿ ನೋಡುತ್ತಿದ್ದರು. ನರ್ಸು ಬೈದು, ಬಾಯಿ ಮುಚ್ಚಿಸಿ ಹೋದಳು.

ಅಕ್ಕ ಹೊದಿಕೆಯನ್ನು ಸರಿಮಾಡಿಕೊಂಡಳು. ಒಂದು ಕಡೆ ಅದು ಚಪ್ಪಟೆಯಾಗಿತ್ತು. ಅಳಲಿಲ್ಲ, ದನಿ ಏರಿಸಲಿಲ್ಲ.

“ಕಿಟಕಿ, ಕಿಟಕಿ ಅಂತ ಬಡ್ಕೊಂಡ್ರಲ್ಲ ಇಬ್ರೂ,” ಎಂದಳು. “ನಾನು ಬಾಗಿಲ ಹತ್ರ ಚಪ್ಪಲಿ ಹಾಕ್ಕೊಂಡು ಕೂತಿದ್ದೆ. ಯಾರಾದ್ರೂ ಒಬ್ರು ಕೈ ಹಿಡಿದಿದ್ರೆ ಸಾಕಾಗಿತ್ತು.”