ಎತ್ತಿದ ಬಾನೆಟ್ಟಿನ ಆಚೆ

ದೆವ್ವದ ಮಾತೆತ್ತಿದವರನ್ನು ಮುಖ ಮೂತಿ ನೋಡದೆ ಗೇಲಿ ಮಾಡುತ್ತಿದ್ದವನು ನಾನು. ಚಿಕ್ಕಜಾಲದ ಹತ್ತಿರ ಒಂದು ಹುಣಸೇಮರವಿತ್ತು. ಅದರ ಕೆಳಗೆ ಲಾರಿ ತಾನಾಗಿ ನಿಂತುಬಿಡುತ್ತದೆ ಅಂತ ಡ್ರೈವರುಗಳು ನಿಂಬೆಹಣ್ಣು ಕಟ್ಟಿಕೊಂಡು ಓಡಾಡುತ್ತಿದ್ದರು. ಆ ಮರದ ದೆವ್ವವನ್ನು ನಾನು ಎಷ್ಟೋ ಸಲ ಓಡಿಸಿದ್ದೇನೆ. ಮಂತ್ರ ಗಿಂತ್ರ ಏನೂ ಬೇಕಾಗಿರಲಿಲ್ಲ. ಡೀಸೆಲ್ ಪೈಪಿನೊಳಗೆ ಸೇರಿಕೊಂಡ ಗಾಳಿ ತೆಗೆದರೆ ಸಾಕು, ಲಾರಿ ಹೊರಟುಬಿಡುತ್ತಿತ್ತು. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನಾನೂ ಬೇರೆಯವರನ್ನು ನೋಡಿ ಬೇಕಾದಷ್ಟು ನಕ್ಕಿದ್ದೇನೆ.

ಇದು ಕತ್ತಲಲ್ಲಿ ನಡೆದದ್ದೂ ಅಲ್ಲ. ಉರಿಬಿಸಿಲಿನ ಒಂದು ಮಧ್ಯಾಹ್ನ, ಅರವತ್ತರ ದಶಕದ ನಡುವೆ ಯಾವಾಗಲೋ. ಯಲಹಂಕದಲ್ಲಿ ಬಳ್ಳಾರಿ ರಸ್ತೆಯ ಅಂಚಿಗೆ ನನ್ನದೊಂದು ತಗಡಿನ ಶೆಡ್ಡು, ಅದರ ಹಿಂದೆಯೇ ಎರಡು ಕೋಣೆಯ ಮನೆ. ಡೀಸೆಲ್ ಲಾರಿ ರಿಪೇರಿ ನನ್ನ ಕಸುಬು. ಅದರಲ್ಲೂ ಪಂಪಿನ ಕೆಲಸಕ್ಕೆ ಯಶವಂತಪುರದಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಈ ಕೆಲಸದ ರೀತಿಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಗಿನ ಲಾರಿಗಳ ಡೀಸೆಲ್ ಪಂಪಿನ ಬೆನ್ನಿಗೆ ಗವರ್ನರ್ ಅಂತ ಒಂದು ಡಬ್ಬಿ ಇರುತ್ತಿತ್ತು. ಅದರೊಳಗೆ ಅಗಲವಾದ ಒಂದು ಚರ್ಮದ ಬಿಲ್ಲೆ. ಎಂಜಿನ್ನು ಗಾಳಿ ಎಳೆಯುವ ಸೆಳೆತಕ್ಕೆ ಆ ಬಿಲ್ಲೆ ಹಿಂದೆ ಮುಂದೆ ಆಡುತ್ತದೆ, ಅದು ಆಡಿದ ಹಾಗೆ ಡೀಸೆಲ್ ಹೆಚ್ಚು ಕಡಿಮೆಯಾಗುತ್ತದೆ. ಚರ್ಮ ಎಲ್ಲಾದರೂ ಕೂದಲೆಳೆಯಷ್ಟು ಸೀಳಿದರೂ ಲಾರಿಗೆ ತಲೆ ಕೆಡುತ್ತದೆ. ದಿಬ್ಬದಲ್ಲಿ ಕರಿಹೊಗೆ ಕಾರುತ್ತದೆ, ಇಳಿಜಾರಿನಲ್ಲಿ ಹುಚ್ಚೆದ್ದು ಕಿರುಚುತ್ತದೆ. ದೋಷ ಚರ್ಮದ್ದೋ, ಪೈಪಿನದ್ದೋ, ಪಂಪಿನದ್ದೋ ಎಂದು ಹೇಳಲು ನಾನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಅಷ್ಟು ಹೊತ್ತೂ ಕ್ಯಾಬಿನ್ನಿನಲ್ಲಿ ಇನ್ನೊಬ್ಬರು ಕೂತು ಎಕ್ಸಲೇಟರ್ ಒತ್ತಿ ಬಿಟ್ಟು ಮಾಡಬೇಕು. ಒಬ್ಬನ ಕೈಲಿ ಆಗುವ ಕೆಲಸವಲ್ಲ ಇದು.

ಆ ಇನ್ನೊಬ್ಬರು ನನ್ನ ಹೆಂಡತಿ ನಂಜಮ್ಮ. ಒಲೆಯ ಮುಂದಿನಿಂದ ಎದ್ದು ಸೆರಗು ಸಿಕ್ಕಿಸಿಕೊಂಡು ಬಂದು ಲಾರಿ ಹತ್ತಿ ಕೂರುತ್ತಿದ್ದಳು. ಬಾನೆಟ್ ಎತ್ತಿದ ಮೇಲೆ ಅವಳಿಗೆ ನಾನು ಕಾಣುವುದಿಲ್ಲ, ನನಗೆ ಅವಳು ಕಾಣುವುದಿಲ್ಲ. ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೇ ನಾನು ಸ್ಪ್ಯಾನರಿನಿಂದ ಮಡ್‌ಗಾರ್ಡಿನ ಮೇಲೆ ತಟ್ಟುತ್ತಿದ್ದೆ. ಒಂದು ತಟ್ಟಿದರೆ ಏರಿಸು, ಎರಡು ತಟ್ಟಿದರೆ ಇಳಿಸು, ಮೂರು ತಟ್ಟಿದರೆ ಸ್ಟೀರಿಂಗ್ ಪಕ್ಕದ ಸ್ಟಾಪ್ ಗುಬ್ಬಿ ಹಿಡಿದೆಳೆದು ಎಂಜಿನ್ ನಿಲ್ಲಿಸು. ಮೂರು ಕೇಳಿದ ತಕ್ಷಣ ಅವಳು ಗುಬ್ಬಿ ಎಳೆದು, ಇಳಿದು, ಒಂದೂ ಮಾತಾಡದೆ ಒಲೆಯ ಕಡೆ ಹೋಗಿಬಿಡುತ್ತಿದ್ದಳು.

ಅವಳದೊಂದು ಚಾಳಿ ಇತ್ತು. ಎರಡು ತಟ್ಟಿದರೂ ನೇರವಾಗಿ ಇಳಿಸುತ್ತಿರಲಿಲ್ಲ. ಇಳಿಸುವ ಮುಂಚೆ ಪುಟ್ಟದಾಗಿ ಒಂದು ಸಲ ಒತ್ತಿ, ಆಮೇಲೆ ಕಾಲು ತೆಗೆಯುವಳು. ಡೀಸೆಲ್ ದಂಡ ಅಂತ ನಾನು ರೇಗುತ್ತಿದ್ದೆ.

“ಸುಮ್ಕೆ ಇಳಿಸ್ಬಿಡೋದಾ? ಆಯ್ತಾ ಅಂತ ನಿಮ್ಮನ್ನ ಒಂದ್ ಮಾತು ಕೇಳ್ಬೇಡ್ವಾ? ಇಂಗೇ ಕಣ್ರೀ ನಾನು,” ಎಂದು ನಗುತ್ತಿದ್ದಳು.

ಹೆಂಡತಿಯನ್ನು ಲಾರಿ ಹತ್ತಿಸುತ್ತಾನೆ ಅಂತ ರಸ್ತೆಯವರೆಲ್ಲ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅವಳ ಕಾಲಿನಷ್ಟು ಹದ ಯಾವ ಡ್ರೈವರಿಗೂ ಇರಲಿಲ್ಲ.

ಜ್ವರ ಬಂದು ಹದಿನೈದು ದಿನಕ್ಕೆ ಅವಳು ಹೋಗಿಬಿಟ್ಟಳು. ಮಕ್ಕಳಿರಲಿಲ್ಲ ನಮಗೆ. ಅವಳು ಹೋದ ಹೊತ್ತಿನಲ್ಲಿ ನಾನು ಗೋಡೆಯ ಈಚೆ, ಒಂದು ಎಂಜಿನ್ನಿಗೆ ಕಿವಿ ಕೊಟ್ಟು ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಬಂದು ಕರೆದಾಗ, ಇರಮ್ಮ ಅಂತ ಕೈ ತೋರಿಸಿದೆ. ಎಂಜಿನ್ ನಿಲ್ಲಿಸಿ ಒಳಗೆ ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಈ ಒಂದು ವಿಷಯಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ನನ್ನ ಕೆಲಸವೇ ಕೆಟ್ಟಿತು. ಡ್ರೈವರುಗಳನ್ನೇ ಕೂರಿಸಿ ನೋಡಿದೆ. ಎಕ್ಸಲೇಟರನ್ನು ಹಾವಿನ ತಲೆ ಮೆಟ್ಟಿದ ಹಾಗೆ ಮೆಟ್ಟುತ್ತಿದ್ದರು, ನನಗೆ ಏನೂ ಕೇಳಿಸುತ್ತಿರಲಿಲ್ಲ. ಸರಿಮಾಡಿದೆನೆಂದು ಕಳಿಸಿದ ಮೂರು ಲಾರಿಗಳು ಒಂದೇ ತಿಂಗಳಲ್ಲಿ ವಾಪಸು ಬಂದವು. ಇವನ ಕಿವಿ ಹೋಯಿತು ಅಂತ ಜನ ಮಾತಾಡಿಕೊಂಡರು. ನಿಜವಿರಬಹುದು ಅಂತ ನನಗೂ ಅನ್ನಿಸಿತು. ಮನೆಯಲ್ಲಿ ಒಬ್ಬನೇ ಗಂಜಿ ಕಾಯಿಸಿಕೊಂಡು ಕುಡಿಯುವುದು, ಶೆಡ್ಡಿನಲ್ಲಿ ಒಬ್ಬನೇ ಕೂರುವುದು. ಇನ್ನೊಂದು ಲಾರಿ ನೋಡಿ, ಅದೂ ಕೈಕೊಟ್ಟರೆ ಶೆಡ್ಡು ಮುಚ್ಚುವುದೆಂದು ತೀರ್ಮಾನಿಸಿದ್ದೆ.

ಆ ಲಾರಿ ಮುನಿಯಪ್ಪನದು. ಆಲೂಗಡ್ಡೆ ಹೇರಿಕೊಂಡು ಚಿಕ್ಕಬಳ್ಳಾಪುರದ ಕಡೆಯಿಂದ ಬಂದಿದ್ದ. “ಒಂದ್ ಗಳಿಗೆ ಸತ್ತಂಗೆ ಆಡ್ತದೆ, ಇನ್ನೊಂದ್ ಗಳಿಗೆ ಉಚ್ಚು ಇಡಿದಂಗೆ ಆಡ್ತದೆ ಕಣಣ್ಣ,” ಅಂದ. ಕ್ಯಾಬಿನ್ನಿನಲ್ಲಿ ಕೂತ್ಕೋ ಅಂದರೆ, “ಬೆಳಿಗ್ಗೆಯಿಂದ ಒಟ್ಟೆಗೆ ಏನೂ ಬಿದ್ದಿಲ್ಲ, ಎರಡು ಮುದ್ದೆ ಉಂಡ್ಕೊಂಡು ಬಂದ್ಬಿಡ್ತೀನಿ,” ಅಂತ ಎಂಜಿನ್ ಆಡುತ್ತಿರುವಂತೆಯೇ ಬಿಟ್ಟು ರಸ್ತೆಯಾಚೆಯ ಹೋಟೆಲಿಗೆ ಹೋದ.

ನಾನು ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಊರಿ, ಕಿವಿಯಿಟ್ಟೆ. ಯಾವುದೋ ಯೋಚನೆಯಲ್ಲಿದ್ದೆ. ಇಷ್ಟು ವರ್ಷದ ಅಭ್ಯಾಸ ನೋಡಿ, ಬಲಗೈ ತಾನಾಗಿ ಸ್ಪ್ಯಾನರ್ ತೆಗೆದುಕೊಂಡು ಮಡ್‌ಗಾರ್ಡಿಗೆ ಒಂದು ತಟ್ಟಿತು.

ಎಂಜಿನ್ ಏರಿತು. ಜರ್ಕಿಲ್ಲದೆ, ನಿಧಾನವಾಗಿ, ಕೇಳಲು ಎಷ್ಟು ಬೇಕೋ ಅಷ್ಟಕ್ಕೆ ಬಂದು ನಿಂತಿತು. ಮುನಿಯಪ್ಪ ಬಂದನೇನೋ ಅಂದುಕೊಂಡೆ, ಅದೂ ಅರೆಮನಸ್ಸಿನಲ್ಲಿ. ಎರಡು ತಟ್ಟಿದೆ. ಪುಟ್ಟದಾಗಿ ಒಮ್ಮೆ ಏರಿ, ಆಮೇಲೆ ಇಳಿಯಿತು. ನನಗೆ ಏನೂ ವಿಶೇಷ ಅನ್ನಿಸಲಿಲ್ಲ. ಹೊಂದಿಕೊಂಡು ಹೋದ ಕೆಲಸ, ಹಾಗೇ ತಾನೆ ಆಗುವುದು? ಮತ್ತೆ ಒಂದು, ಮತ್ತೆ ಎರಡು. ನಾಲ್ಕೋ ಐದೋ ಸಲ ಮಾಡಿರಬೇಕು. ಕೊನೆಯ ಸಲ ಡಬ್ಬಿಯ ಒಳಗಿಂದ ಸಣ್ಣಗೆ, ಹಲ್ಲಿನ ಸಂದಿಯಲ್ಲಿ ಉಸಿರೆಳೆದಂಥ ಸದ್ದು ಕೇಳಿಸಿತು. ಚರ್ಮ ಅಂಚಿನಲ್ಲಿ ಸೀಳಿದೆ! ತಿಂಗಳುಗಟ್ಟಲೆ ಕೇಳದಿದ್ದ ಕಿವಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಖುಷಿಗೆ ಕಿರುಚಿಬಿಟ್ಟೆ.

“ಸಿಕ್ತು ಕಣೇ!”

ಆ ಮಾತು ನನ್ನ ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ತಲೆಯೆತ್ತಿ ರಸ್ತೆಯಾಚೆ ನೋಡಿದೆ. ಮುನಿಯಪ್ಪ ಹೋಟೆಲಿನ ಬೆಂಚಿನ ಮೇಲೆ ಕೂತು, ತಟ್ಟೆಗೆ ತಲೆ ಬಗ್ಗಿಸಿ, ಇನ್ನೂ ಉಣ್ಣುತ್ತಿದ್ದ.

ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟಿದ್ದರೆ ಕ್ಯಾಬಿನ್ ಕಾಣುತ್ತಿತ್ತು. ಇಡಲಿಲ್ಲ. ದೆವ್ವದ ಹೆದರಿಕೆಯಿಂದಲ್ಲ, ನಿಜ ಹೇಳುತ್ತೇನೆ. ಖಾಲಿ ಸೀಟು ನೋಡುವ ಧೈರ್ಯ ನನಗಿರಲಿಲ್ಲ. ಎಂಜಿನ್ ಗುಡುಗುಡು ಅನ್ನುತ್ತಿತ್ತು. ದೋಷ ಸಿಕ್ಕಿದೆ, ಕೆಲಸ ಮುಗಿದಿದೆ. ಇನ್ನು ಮೂರು ತಟ್ಟುವುದೊಂದೇ ಬಾಕಿ. ತಟ್ಟಿದರೆ ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ಗುಬ್ಬಿಯನ್ನು ಕೈಯಿಂದ ಎಳೆಯಬೇಕು, ಡೀಸೆಲ್ ಎಂಜಿನ್ನು ತಾನಾಗಿ ನಿಲ್ಲುವುದಿಲ್ಲ. ಸ್ಪ್ಯಾನರ್ ಎತ್ತಿದೆ. ಆದರೆ ಮೂರು ತಟ್ಟಿದರೆ ಅವಳು ಇಳಿದು ಹೋಗಿಬಿಡುತ್ತಾಳಲ್ಲ! ಎತ್ತಿದ ಕೈ ಹಾಗೇ ನಿಂತಿತು.

ಎಷ್ಟು ಹೊತ್ತೋ ತಿಳಿಯದು. ಮುನಿಯಪ್ಪ ಕೈ ಒರೆಸಿಕೊಳ್ಳುತ್ತಾ ಬಂದವನು, “ಇದ್ಯಾಕಣ್ಣ, ಗಾಡಿ ಅಂಗೇ ಓಡ್ತಾ ಐತೆ, ನೀನು ಅಳ್ತಾ ನಿಂತಿದೀಯ?” ಅಂದ. ಅವನೇ ಬಾಗಿಲು ತೆಗೆದು, ಒಳಗೆ ಕೈಹಾಕಿ ಗುಬ್ಬಿ ಎಳೆದ. ಸೀಟಿನ ಮೇಲೆ ಯಾರಾದರೂ ಇದ್ದರಾ ಅಂತ ಅವನನ್ನು ಕೇಳಬೇಕಾದ್ದೇ ಇರಲಿಲ್ಲ.

ಡಬ್ಬಿ ಬಿಚ್ಚಿದಾಗ ಚರ್ಮ ನನ್ನ ಕಿವಿ ಹೇಳಿದ ಜಾಗದಲ್ಲೇ ಸೀಳಿತ್ತು. ಹೊಸದು ಹಾಕಿದೆ. ಆ ಲಾರಿ ವಾಪಸು ಬರಲಿಲ್ಲ, ನಾನು ಶೆಡ್ಡು ಮುಚ್ಚಲಿಲ್ಲ. ಬಹಳ ದಿನದ ಮೇಲೆ ಯಶವಂತಪುರದ ಒಬ್ಬ ಹಳೆಯ ಮೆಕ್ಯಾನಿಕ್ಕಿಗೆ ಇದನ್ನು ಹೇಳಿದೆ. ಅವರು ಬೀಡಿ ಹಚ್ಚಿಕೊಂಡು, “ಅಲ್ಲಯ್ಯಾ, ಚರ್ಮ ಹರಿದ ಎಂಜಿನ್ನು ತಾನಾಗೇ ಏರೋದು ಇಳಿಯೋದು ಮಾಡತ್ತೆ ಅಂತ ನಿಂಗೊತ್ತಿಲ್ವಾ? ಅದು ಏರ್ದಾಗ ನೀನ್ ತಟ್ಟಿದೀಯ, ಅಷ್ಟೆ,” ಅಂದರು. ಸರಿಯಾದ ಮಾತೇ. ನಾನಾಗಿದ್ದರೂ ಬೇರೆಯವರಿಗೆ ಹಾಗೇ ಹೇಳುತ್ತಿದ್ದೆ. ಇಳಿಸುವ ಮುಂಚಿನ ಆ ಪುಟ್ಟ ಒತ್ತು ಮಾತ್ರ ಯಾವ ಚರ್ಮದ್ದು ಅಂತ ನನಗೆ ಗೊತ್ತಿಲ್ಲ.

ಆಮೇಲೂ ಎಷ್ಟೋ ವರ್ಷ ಆ ಕೆಲಸ ಮಾಡಿದೆ. ಕ್ಯಾಬಿನ್ನಿನಲ್ಲಿ ಯಾರು ಯಾರೋ ಕೂತರು, ಒಂದು ತಟ್ಟಿದೆ, ಎರಡು ತಟ್ಟಿದೆ. ಎಂಜಿನ್ ನಿಲ್ಲಿಸಬೇಕಾದಾಗ ಮಾತ್ರ ಸುತ್ತಿಕೊಂಡು ಹೋಗಿ ಗುಬ್ಬಿಯನ್ನು ನಾನೇ ಎಳೆಯುತ್ತಿದ್ದೆ. ಮೂರು ತಟ್ಟು ತಟ್ಟಲು ನನ್ನ ಕೈ ಮತ್ತೆ ಯಾವತ್ತೂ ಏಳಲಿಲ್ಲ.