ಓಣಿಯ ಟಿವಿಯೂ ಅಪ್ಪನ ನಿದ್ದೆಯೂ

ನಮ್ಮ ಓಣಿಯ ಎಲ್ಲ ಟಿವಿಗಳ ಜೀವ ನಮ್ಮ ಮನೆಯ ಒಂದು ಪ್ಲಗ್ಗಿನಲ್ಲಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ, ಆದರೆ ಮಾತು ಖರೆ. ಚಿಕ್ಕೋಡಿಯ ಪೇಟೆಯಿಂದ ಹೊರಟ ಕೇಬಲ್ ವೈರು ಕಂಬ, ಬೇವಿನ ಮರ, ಯಾರದೋ ಬಟ್ಟೆ ಒಣಹಾಕುವ ತಂತಿ, ಹಿಟ್ಟಿನ ಗಿರಣಿಯ ತಗಡು ಎಲ್ಲ ದಾಟಿ ನಮ್ಮ ಓಣಿ ಮುಟ್ಟುವಷ್ಟರಲ್ಲಿ ಅದರೊಳಗಿನ ಚಿತ್ರ ಏದುಸಿರು ಬಿಡುತ್ತಿತ್ತು. ಅದಕ್ಕೆ ಕರೆಂಟು ಕೊಟ್ಟು, ಶಕ್ತಿ ತುಂಬಿ, ಮುಂದಿನ ಮನೆಗಳಿಗೆ ತಳ್ಳಲು ಒಂದು ಬೂಸ್ಟರ್ ಡಬ್ಬಿ ಬೇಕು. ಆ ಡಬ್ಬಿ ನಮ್ಮ ಪಡಸಾಲೆಯ ಗೋಡೆಯ ಮೇಲಿತ್ತು. ಕರೆಂಟು ನಮ್ಮದು, ಅದಕ್ಕೆ ಬದಲಾಗಿ ನಮಗೆ ಕೇಬಲ್ ಪುಕ್ಕಟೆ. ನಾನು ಹುಟ್ಟುವ ಮೊದಲು ಅಪ್ಪನೂ ಕೇಬಲ್‌ನವನೂ ಚಹಾ ಕುಡಿಯುತ್ತ ಮಾಡಿಕೊಂಡ ಒಪ್ಪಂದ. ಒಟ್ಟಿನಲ್ಲಿ ನಮ್ಮ ಮನೆಯೊಳಗೆ ದಣಿದು ಬಂದು ಶಕ್ತಿ ತುಂಬಿಕೊಂಡು ಹೊರಗೆ ಹೋಗುತ್ತಿದ್ದದ್ದು ಆ ಟಿವಿ ಚಿತ್ರ ಒಂದೇ. ಉಳಿದವರೆಲ್ಲ ದಣಿದು ಬಂದು ದಣಿದೇ ಹೋಗುತ್ತಿದ್ದೆವು.

ಎಲ್ಲರಿಗಿಂತ ಹೆಚ್ಚು ದಣಿದವನು ಅಪ್ಪ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್. ಅಂದರೆ ಕಬ್ಬಿನ ಪಾಕ ಕುದಿಯುವ, ನಮ್ಮ ಮನೆಯನ್ನು ಅನಾಮತ್ತಾಗಿ ಒಳಗಿಟ್ಟು ಮುಚ್ಚಬಹುದಾದಷ್ಟು ದೊಡ್ಡ ಹಂಡೆಯ ಮುಂದೆ ನಿಂತು, ಗಾಜಿನ ಕಿಂಡಿಯಲ್ಲಿ ಹರಳು ಕಟ್ಟುವುದನ್ನು ಕಾಯುವ ಕೆಲಸ. ಕಣ್ಣು ತಪ್ಪಿದರೆ ಹರಳು ಕೆಡುತ್ತದೆ, ಹರಳು ಕೆಟ್ಟರೆ ಸಾಹೇಬರು ಕೆಡುತ್ತಾರೆ. ಹೆಲ್ಪರ್ ಆಗಿ ಸೇರಿ, ಕೊಳೆ ತೊಳೆದು, ಬೈಸಿಕೊಂಡು, ಅರ್ಧ ಆಯುಷ್ಯ ಸವೆಸಿ ಅಪ್ಪ ಆ ಕಿಂಡಿಯ ಮುಂದೆ ಬಂದು ನಿಂತಿದ್ದ. ಕಬ್ಬು ನುರಿಯುವ ಹಂಗಾಮು ಶುರುವಾದರೆ ರಾತ್ರಿ ಪಾಳಿ ಮುಗಿಸಿ ನಸುಕಿನಲ್ಲಿ ಮನೆಗೆ ಬರುತ್ತಿದ್ದ. ಆಗ ಅವನ ಕಣ್ಣಿನ ಕೆಳಗಿನ ಚೀಲಗಳಲ್ಲಿ ಕಡಿಮೆಯೆಂದರೂ ಎರಡು ಕಿಲೋ ಸಕ್ಕರೆ ಹಿಡಿಯುತ್ತಿತ್ತು.

ಅವನು ಮಲಗುತ್ತಿದ್ದದ್ದು ಪಡಸಾಲೆಯಲ್ಲಿ, ಡಬ್ಬಿಯ ಕೆಳಗೆ. ಮನೆಯಲ್ಲಿ ನೆಟ್ಟಗೆ ತಿರುಗುವ ಒಂದೇ ಫ್ಯಾನು ಅಲ್ಲಿತ್ತು. ಅವ್ವ ಅಂಗನವಾಡಿಯ ಕೆಲಸಕ್ಕೆ, ನಾನು ಸಾಲಿಗೆ. ಅಪ್ಪನ ಕಣ್ಣು ಹತ್ತುವುದಕ್ಕೂ ಓಣಿಯ ಟಿವಿಗಳು ಕಣ್ಣು ತೆರೆಯುವುದಕ್ಕೂ ಸರಿಹೋಗುತ್ತಿತ್ತು. ಕರೆಂಟು ಹೋಗಿ ಬಂದರೆ ಸಾಕು, ಆ ಡಬ್ಬಿ ಮುನಿಸಿಕೊಂಡು ಕೂರುತ್ತಿತ್ತು. ಮದ್ದು ಒಂದೇ: ಸ್ವಿಚ್ಚು ಬಂದ್ ಮಾಡಿ, ಸ್ವಲ್ಪ ತಡೆದು, ಚಾಲೂ ಮಾಡುವುದು. ಅದಕ್ಕೆ ಓಣಿಯವರು ಬಾಗಿಲು ಬಡಿಯುತ್ತಿದ್ದರು. ಎಲ್ಲರಿಗಿಂತ ಮುಂದೆ, ಓಣಿಯೆಲ್ಲ ಕಾಕು ಎನ್ನುತ್ತಿದ್ದ ಎದುರುಮನೆಯ ಹೆಂಗಸು. ಆಕೆಗೆ ಮರಾಠಿ ಧಾರಾವಾಹಿ ಮುಗಿದರೆ ಕನ್ನಡ, ಕನ್ನಡ ಮುಗಿದರೆ ಹಿಂದಿ. ಮೂರು ಭಾಷೆಯಲ್ಲಿ ಅಳುವಷ್ಟು ಪಾಂಡಿತ್ಯ.

“ಭಾವೂಜಿ, ಮಕ್ಕೊಂಡಿದ್ರೇನ್ರಿ?”

“ಇಲ್ರಿ ವೈನಿ, ಎದ್ದೀನಿ.”

“ಮಕ್ಕೊಂಡಿದ್ರ ಎಬ್ಬಸಬಾರ್ದು ಅಂತಿದ್ದೆ ನೋಡ್ರಿ. ನಮ್ಮ ಟಿವಿಯಾಗ ಅತ್ತಿ ಮಾರಿ ಚೌಕ ಚೌಕ ಆಗೈತ್ರಿ. ಸೊಸಿ ಮಾರಿ ಬರೊಬ್ಬರಿ ಐತಿ.”

“ಸೊಸಿ ಮಾರೀನ ನೋಡ್ರಲ್ಲ ವೈನಿ ಇವತ್ತೊಂದಿನ.”

“ಸೊಸಿ ಬರೇ ಅಳತಾಳ್ರಿ. ಮಾತಾಡಾಕಿ ಅತ್ತಿ!”

ಅಪ್ಪ ಎದ್ದು ಸ್ವಿಚ್ಚು ಒತ್ತಿ ಮತ್ತೆ ಬೀಳುತ್ತಿದ್ದ. ಆಮೇಲೆ ಅವನಿಗೆ ಬಾಗಿಲು ತೆಗೆಯುವುದೂ ಬೇಸರವಾಗಿ ಅಗಳಿ ಹಾಕದೆ ಬಾಗಿಲನ್ನು ಬರೀ ಮುಂದೆ ಮಾಡಿ ಮಲಗತೊಡಗಿದ. ಓಣಿಯವರು ಒಳಗೆ ಬಂದು, ಅವನನ್ನು ದಾಟಿ, ಸ್ವಿಚ್ಚು ಒತ್ತಿ ಹೋಗುತ್ತಿದ್ದರು. ದಾಟುವಾಗ, ಪಾಪ, “ಮಕ್ಕೋರಿ, ಮಕ್ಕೋರಿ” ಎಂದು ಗಟ್ಟಿಯಾಗಿ ಹೇಳುವುದನ್ನು ಮರೆಯುತ್ತಿರಲಿಲ್ಲ.

ಡಬ್ಬಿಯಿಂದ ನಮಗೆ ಲಾಭವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಬ್ಬದ ಹೋಳಿಗೆಯ ಮೊದಲ ತಾಟು ನಮ್ಮ ಮನೆಗೆ ಬರುತ್ತಿತ್ತು. ಅವ್ವ ನಳದ ಹತ್ತಿರ ಹೋದರೆ ಅವಳ ಪಾಳಿ ತಾನಾಗಿ ಮುಂದೆ ಸರಿಯುತ್ತಿತ್ತು. ನಾನಂತೂ ಓಣಿಯ ಜಿಲ್ಲಾಧಿಕಾರಿ. ಕ್ರಿಕೆಟ್ ಚೆಂಡು ಯಾರ ಅಂಗಳಕ್ಕೆ ಬಿದ್ದರೂ ಹೂವಿನಂತೆ ಮರಳಿ ಬರುತ್ತಿತ್ತು. ಔಟಾದರೂ ನನ್ನನ್ನು ಔಟ್ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಆ ವರ್ಷ ನಮ್ಮ ಓಣಿಯಲ್ಲಿ ನನ್ನ ಸರಾಸರಿ ನೋಡಿದ್ದರೆ ದೇಶದ ತಂಡದವರು ಜೀಪು ಕಳಿಸುತ್ತಿದ್ದರು.

ಒಂದು ಮುಂಜಾನೆ ಅಪ್ಪ ಬಂದವನು ಅಂಗಿ ಬಿಚ್ಚದೆ ಹಾಸಿಗೆಯ ಮೇಲೆ ಕುಳಿತ.

“ನಿಂತಲ್ಲೇ ಕಣ್ ಮುಚ್ಚಿದ್ವು,” ಎಂದ. “ಕೆಮಿಸ್ಟ್ ಸಾಹೇಬ್ರು ಹಿಂದ ಬಂದು ನಿಂತಿದ್ರು.”

ಅವ್ವ ಚಹಾದ ಕಪ್ಪು ಹಿಡಿದು ನಿಂತಳು. “ಏನಂದ್ರು?”

“ಇನ್ನೊಮ್ಮಿ ಹಿಂಗಾದ್ರ ಪ್ಯಾನ್ ಬಿಡಸಿ ಯಾರ್ಡಿಗೆ ಕಳಸ್ತಾರಂತ.”

ಯಾರ್ಡ್ ಎಂದರೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವ ಬಯಲು. ರಾಯಬಾಗ, ಅಥಣಿ ಕಡೆಯಿಂದ ಬಂದ ಡ್ರೈವರುಗಳ ಜೊತೆ ಬಿಸಿಲಿನಲ್ಲಿ ಒದರಾಡುವುದೇ ಅಲ್ಲಿಯ ಕೆಲಸ. ಅಪ್ಪನಿಗೆ ಒದರಲು ಬರುವುದಿಲ್ಲ. ಅವನು ಕೆಮ್ಮುವಾಗಲೂ ಅಪ್ಪಣೆ ಕೇಳುವಂಥ ಮನುಷ್ಯ.

ಅಂದಿನಿಂದ ಅಪ್ಪನ ನಿದ್ದೆ ಮನೆಯ ದೊಡ್ಡ ಕೆಲಸವಾಯಿತು. ಅವ್ವ ಮೊದಲು ಅಂಗನವಾಡಿಯ ಗುಂಡು ಅಕ್ಷರದಲ್ಲಿ ‘ಮಲಗಿದ್ದಾರೆ, ಬಾಗಿಲು ಬಡಿಯಬೇಡಿ’ ಎಂದು ಬರೆದು ಬಾಗಿಲಿಗೆ ಅಂಟಿಸಿದಳು. ಎಲ್ಲರೂ ನಿಂತು ಓದಿದರು. ಓದಿ, ಎಷ್ಟೊತ್ತಿಗೆ ಏಳುತ್ತಾರೆ ಎಂದು ಕೇಳಲು ಬಾಗಿಲು ಬಡಿದರು.

ಆಮೇಲೆ ನನ್ನ ತಲೆ ಓಡಿತು. ನನ್ನ ತಲೆ ಆಗಾಗ ಓಡುತ್ತದೆ, ಎಲ್ಲಿಗೆ ಎಂದು ಯಾರೂ ಕೇಳಬಾರದು. ಡಬ್ಬಿಯ ವೈರು ಉದ್ದ ಮಾಡಿ, ಕಿಟಕಿಯಿಂದ ಹೊರಗೆ ತಂದು, ಕಟ್ಟೆಯ ಮೇಲಿನ ಗೋಡೆಗೆ ಸ್ವಿಚ್ಚು ಕೂರಿಸಿದೆ. ಯಾರಿಗೆ ಬೇಕೋ ಅವರು ತಾವೇ ಬಂದ್ ಮಾಡಿ ಚಾಲೂ ಮಾಡಿಕೊಳ್ಳಲಿ, ಅಪ್ಪ ಒಳಗೆ ಮಲಗಲಿ. ಇಡೀ ಓಣಿ ನನ್ನ ಬೆನ್ನು ತಟ್ಟಿತು. ಒಬ್ಬರಂತೂ ನನ್ನನ್ನು ಇಂಜಿನಿಯರ್ ಎಂದು ಕರೆದರು. ಕರೆದದ್ದು ಒಂದೇ ಮಧ್ಯಾಹ್ನ.

ಯಾಕೆಂದರೆ ಆ ಮಧ್ಯಾಹ್ನವೇ ತಿಳಿಯಿತು, ಕಾಕುವಿನ ಧಾರಾವಾಹಿಯ ಅತ್ತೆಯ ಮುಖ ಸರಿಯಾಗಲು ಸ್ವಿಚ್ಚು ಒತ್ತಿದರೆ ಹಿಂದಿನ ಸಾಲಿನವರ ಕುಸ್ತಿ ಮಾಯವಾಗುತ್ತದೆ. ಅವರು ಓಡಿಬಂದು ಒತ್ತಿದರೆ ಕಾಕುವಿನ ಅತ್ತೆ ಬಾಯಿ ತೆರೆದಲ್ಲೇ ನಿಲ್ಲುತ್ತಾಳೆ. ಮೊದಲು ಒಬ್ಬೊಬ್ಬರೇ ಬಂದು ಅಪ್ಪನನ್ನು ಎಬ್ಬಿಸುತ್ತಿದ್ದರು, ಈಗ ಎಲ್ಲರೂ ಕೂಡಿ ಅಪ್ಪನ ತಲೆದಿಂಬಿನ ಆಚೆ, ಒಂದು ಗೋಡೆಯ ಅಂತರದಲ್ಲಿ ಜಗಳಾಡತೊಡಗಿದರು.

“ಯಾರ್ ಒತ್ತಿದ್ರಲೇ ಈಗ?”

“ನಾ ಒತ್ತಿದ್ನಿ. ಏನ್ ಮಾಡ್ತಿ? ನಿಮ್ಮಪ್ಪನ ಸ್ವಿಚ್ಚೇನು?”

“ನಮ್ಮಪ್ಪಂದೂ ಅಲ್ಲ, ನಿಮ್ಮಪ್ಪಂದೂ ಅಲ್ಲ. ಒಳಗ ಮಕ್ಕೊಂಡಾರಲ್ಲ, ಅವ್ರದು. ಅವ್ರನ್ನ ಕೇಳೂಣ ಬಾ!”

ನ್ಯಾಯ ಹೇಳಲು ಅಪ್ಪನನ್ನು ಎಬ್ಬಿಸಿದರು. ಲುಂಗಿ ಕಟ್ಟಿಕೊಳ್ಳುತ್ತ ಹೊರಬಂದ ಅಪ್ಪ ಎರಡೂ ಕಡೆಯವರ ಮಾತು ಕೇಳಿ, ಬಾಗಿಲ ಚೌಕಟ್ಟಿಗೆ ಒರಗಿ, ನಿಂತಲ್ಲೇ ನಿದ್ದೆ ಹೋದ. ಸಂಜೆ ಸ್ವಿಚ್ಚನ್ನು ಒಳಗೆ ತಂದೆ.

ಅದೇ ವಾರ ಹೊಸ ಕಂಪನಿಯವನು ಬಂದ. ಇಸ್ತ್ರಿ ಅಂಗಿ, ಹೆಗಲಿಗೆ ಚೀಲ, ನಿಪ್ಪಾಣಿಯ ಕಡೆಯ ಮಾತು. ಕೂದಲಿನಷ್ಟು ತೆಳ್ಳಗಿನ ಗಾಜಿನ ವೈರಿನಲ್ಲಿ ಟಿವಿಯೂ ಬರುತ್ತದೆ, ಇಂಟರ್ನೆಟ್ಟೂ ಬರುತ್ತದೆ ಎಂದ. ಇಂಟರ್ನೆಟ್ ಎಂದ ಕೂಡಲೇ ನಾನು ಎದ್ದು ಅವನಿಗೆ ಕುರ್ಚಿ ತಂದು, ಕುರ್ಚಿಯನ್ನು ಅಂಗಿಯಿಂದ ಒರೆಸಿ, ನೀರು ಕೊಟ್ಟೆ. ನನ್ನ ವಿನಯ ನೋಡಿ ಅವ್ವನಿಗೆ ಅನುಮಾನ ಬಂತು.

ಅವನು ಹೋದ ಮೇಲೆ ಮನೆಯಲ್ಲಿ ವಿಚಾರ ಶುರುವಾಯಿತು. ವಿಚಾರ ಎಂದರೆ ಅವ್ವ ಮಾತಾಡುವುದು, ಅಪ್ಪ ತೂಕಡಿಸುವುದು.

“ಪುಕ್ಕಟ ಬರೂದು ಬಿಟ್ಟು ರೊಕ್ಕ ಕೊಟ್ಟು ತಗೋಬೇಕಾ? ಓಣ್ಯಾಗಿನ ಮಂದಿ ಏನಂದಾರು? ನಮ್ಮ ಡಬ್ಬಿ ತಗದ್ರ ಅವ್ರ ಟಿವಿ ಬಂದ್ ಬೀಳತಾವ್ರಿ.”

“ಹೂಂ.”

“ಹೂಂ ಅಂದ್ರ? ಬ್ಯಾಡಂತೀರೋ ಬೇಕಂತೀರೋ?”

“ನೀ ಹೇಳು.”

“ನಾ ಹೇಳೂದಾಗಿದ್ರ ಇಷ್ಟೊತ್ತನಕ ಯಾಕ ಒದರತಿದ್ನಿ?”

ನಾನು ನಡುವೆ ಬಾಯಿ ಹಾಕಿದೆ. “ಅವ್ವಾ, ಇಂಟರ್ನೆಟ್‌ನ್ಯಾಗ ಗಣಿತ ಪಾಠ ಎಲ್ಲಾ ಬರತಾವ.”

“ನಿನಗ ಪುಸ್ತಕದಾಗಿನ ಗಣಿತಾನ ಬರವಲ್ದು, ಗಾಜಿನ ವೈರ್‌ನ್ಯಾಗ ಬಂದೀತೇನ್ ಬಾಳ್ಯಾ?”

ಸುದ್ದಿ ಕೇಬಲ್‌ನವನಿಗೆ ಮುಟ್ಟಿತು. ಹೇಗೆ ಮುಟ್ಟಿತು ಎಂದು ಕೇಳಬೇಡಿ, ನಮ್ಮ ಓಣಿಯಲ್ಲಿ ಸುದ್ದಿಗೆ ಬೂಸ್ಟರ್ ಬೇಕಾಗುವುದಿಲ್ಲ. ಅಪ್ಪ ಅದೇ ಆಗ ಕಣ್ಣು ಮುಚ್ಚಿದ್ದ ಹೊತ್ತಿಗೆ ಅವನು ಬಂದು ಹಾಸಿಗೆಯ ತುದಿಯಲ್ಲಿ ಕುಳಿತ. ಅವನೂ ದಣಿದವನೇ. ಊರಿನ ತುಂಬ ಡಿಶ್ ಕೊಡೆಗಳು ಎದ್ದು, ಅವನ ಗಿರಾಕಿಗಳು ಅಕ್ಕೋಳದ ಹಾದಿ ಹಿಡಿದ ಬಸ್ಸಿನ ಮಂದಿಯಂತೆ ಒಂದೊಂದು ಕಡೆ ಇಳಿದು ಹೋಗುತ್ತಿದ್ದರು.

“ಅಣ್ಣಾರ, ನೀವೂ ಕೈ ಬಿಟ್ರ ನಾ ಎಲ್ಲಿಗಿ ಹೋಗ್ಲಿ? ಡಬ್ಬಿ ಇರ್ಲಿ. ನಿಮ್ಮ ಕರೆಂಟ್ ಬಿಲ್ಲೂ ನಾನ ಕೊಡ್ತೀನಿ.”

“ತಮ್ಮಾ, ನನಗ ಕರೆಂಟ್ ಬ್ಯಾಡ. ನಿದ್ದಿ ಕೊಡ್ತಿ?”

ಕೇಬಲ್‌ನವನ ಹತ್ತಿರ ಇದ್ದ ಯಾವ ಪ್ಯಾಕೇಜಿನಲ್ಲಿಯೂ ಅದು ಇರಲಿಲ್ಲ.

“ಹಂಗಾದ್ರ ಬ್ಯಾರೆ ಮನಿ ನೋಡ್ತೀನ್ರಿ,” ಎಂದು ಎದ್ದ.

ಎರಡು ದಿನ ಅವನು ಡಬ್ಬಿಗೆ ಮನೆ ಹುಡುಕಿದ. ನಮ್ಮ ಮನೆಯ ಸ್ಥಿತಿ ಕಣ್ಣಾರೆ ಕಂಡವರು ಯಾರು ಒಪ್ಪುತ್ತಾರೆ? ಒಬ್ಬರು ಮೀಟರು ತಾಳುವುದಿಲ್ಲ ಎಂದರು. ಇನ್ನೊಬ್ಬರು ಮಗಳ ಬಾಣಂತನ ಎಂದರು. ಆ ಮಗಳ ಮದುವೆ ಇನ್ನೂ ನಿಶ್ಚಯವಾಗಿರಲಿಲ್ಲ. ಕೊನೆಗೆ ಕಾಕು ಒಪ್ಪಿದಳು. ಆಕೆ ಹೇಗೂ ದಿನವೆಲ್ಲ ಎಚ್ಚರವಾಗಿಯೇ ಇರುವವಳು, ಸ್ವಿಚ್ಚು ಕೈಗೇ ಸಿಕ್ಕಂತಾಯಿತು. ಜೊತೆಗೆ ಕೇಬಲ್ ಪುಕ್ಕಟೆ. ಆಕೆಯ ಗಂಡ ಕಾಕಾ ಮಾತ್ರ ಅಂಗಳದಲ್ಲಿ ನಿಂತು ಡಬ್ಬಿ ಒಳಗೆ ಹೋಗುವುದನ್ನು, ಬೀಗರು ಗಂಟು ಸಮೇತ ಬಂದಂತೆ ನೋಡುತ್ತಿದ್ದರು.

ಡಬ್ಬಿ ಹೋಯಿತು, ಪುಕ್ಕಟೆ ಕೇಬಲ್ಲೂ ಹೋಯಿತು, ಅವ್ವ ಹೊಸ ವೈರಿಗೆ ಒಪ್ಪಿದಳು. ಹೊಸ ಕಂಪನಿಯವನು ವೈರು ಎಳೆಯಲು ಬಂದ ದಿನ ಅಪ್ಪ ನಿದ್ದೆ ಬಿಟ್ಟು ಎದ್ದು ಕುಳಿತಿದ್ದ. ಬಂದವನು ನಮ್ಮ ಗೋಡೆ ನೋಡಿದ, ಕಿಟಕಿ ನೋಡಿದ, ಓಣಿಯ ಆ ತುದಿ ಈ ತುದಿ ನೋಡಿದ. ಅವನ ಮುಖದಲ್ಲಿ ನಗು ಅರಳಿತು.

“ಮಾಲಕ್ರ, ನಿಮ್ಮ ಮನಿ ಬರೊಬ್ಬರಿ ನಟ್ಟ ನಡು ಐತ್ರಿ. ಓಣಿಗಿ ಕೂಡಿ ಒಂದ ಡಬ್ಬಿ ಕುಂಡ್ರಸೂದೈತಿ. ನಿಮ್ಮಲ್ಲೇ ಕುಂಡ್ರಸ್ತೀನಿ. ನಿಮಗ ಟಿವಿ, ಇಂಟರ್ನೆಟ್ ಎಲ್ಲಾ ಪುಕ್ಕಟ!”

ನಾನು ಕುಣಿಯುವುದೊಂದೇ ಬಾಕಿ. ಅವ್ವ ಸೆರಗು ಸರಿ ಮಾಡಿಕೊಂಡು ಅಪ್ಪನ ಮುಖ ನೋಡಿದಳು. ಮತ್ತೆ ಹೋಳಿಗೆ, ಮತ್ತೆ ನಳದ ಮುಂದಿನ ಪಾಳಿ, ಅದರ ಮೇಲೆ ಇಂಟರ್ನೆಟ್. ಅಪ್ಪ ಮಾತ್ರ ನಿಧಾನವಾಗಿ ಕೇಳಿದ.

“ಆ ಡಬ್ಬಿ ಬಂದ್ ಬಿದ್ರ ಏನ್ ಮಾಡೂದ್ರಿ?”

“ಬೀಳೂದಿಲ್ರಿ. ಬಿದ್ರ ಏನಿಲ್ಲ, ಒಮ್ಮಿ ಆಫ್ ಮಾಡಿ ಆನ್ ಮಾಡೂದು.”

ಅಪ್ಪ ಎರಡೂ ಕೈ ಜೋಡಿಸಿದ. ಕೊಕಟನೂರಿನ ಎಲ್ಲಮ್ಮನ ಮುಂದೆಯೂ ಅವನು ಅಷ್ಟು ಭಕ್ತಿಯಿಂದ ಕೈ ಜೋಡಿಸಿದ್ದನ್ನು ನಾನು ಕಂಡಿಲ್ಲ.

“ಪುಕ್ಕಟ ಬ್ಯಾಡ್ರಿ. ನನ್ನ ಕಡೆ ಪೂರಾ ರೊಕ್ಕ ತಗೋರಿ. ಡಬ್ಬಿ ಬ್ಯಾರೆ ಎಲ್ಲ್ಯಾರ ಇಡ್ರಿ, ನನಗ ಕಟ್ಟಕಡೀ ವೈರ್ ಕೊಡ್ರಿ. ಬಂದ್ ಬಿದ್ರ ನಾ ಸುಮ್ನ ಕುಂದರ್ತೀನಿ.”

ಹೊಸ ಕಂಪನಿಯವನು ಹುಬ್ಬು ಮೇಲೆತ್ತಿದ. ಪುಕ್ಕಟೆ ಬೇಡವೆನ್ನುವ ಗಿರಾಕಿಗೆ ಏನು ಹೇಳಬೇಕೆಂದು ಅವನ ಕಂಪನಿ ಕಲಿಸಿರಲಿಲ್ಲ. ಅವ್ವ ಅಪ್ಪನ ಕಣ್ಣಿನ ಕೆಳಗಿನ ಚೀಲ ನೋಡಿದಳು. “ಅವ್ರು ಹೇಳಿದಂಗ ಮಾಡ್ರಿ,” ಎಂದು ಒಳಗೆ ಹೋದಳು. ನನ್ನ ಜಿಲ್ಲಾಧಿಕಾರಿ ಹುದ್ದೆ ಹೀಗೆ ರದ್ದಾಯಿತು. ಮರುದಿನವೇ ಮೊದಲ ಚೆಂಡಿಗೆ ನನ್ನನ್ನು ಔಟ್ ಕೊಟ್ಟರು.

ಆ ಶನಿವಾರ ಮುಂಜಾನೆಯ ಸಾಲಿ ಮುಗಿಸಿ ಬಂದರೆ ಬಾಗಿಲು ಒಳಗಿನಿಂದ ಭದ್ರ. ಅಪ್ಪ ಅಗಳಿ ಹಾಕಿಕೊಂಡು ಮಲಗಿದ್ದ. ನಮ್ಮ ಬಾಗಿಲಿಗೆ ಹಗಲು ಹೊತ್ತು ಅಗಳಿ ಬಿದ್ದದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಮೆಲ್ಲಗೆ ಬಡಿದೆ, ಜೋರಾಗಿ ಬಡಿದೆ, ಕಿಟಕಿಯ ಸಂದಿಯಿಂದ ಕೂಗಿದೆ. ಒಳಗೆ ಅಪ್ಪನ ಗೊರಕೆ ಮಾತ್ರ, ಕಬ್ಬು ನುರಿಯುವ ಯಂತ್ರ ತುಂಬು ಹಂಗಾಮಿನಲ್ಲಿ ಓಡಿದಂತೆ. ನನಗೆ ಹಸಿವು, ಅದಕ್ಕಿಂತ ಅವಸರದ ಇನ್ನೊಂದು ಕೆಲಸವೂ ಇತ್ತು. ಅದನ್ನು ಗಿರಣಿಯ ಹಿಂದಿನ ಬಯಲಿನಲ್ಲಿ ಮುಗಿಸಿ ಬಂದೆ.

ನನ್ನ ಗದ್ದಲ ಕೇಳಿ ಓಣಿ ಕೂಡಿತು. ಎಷ್ಟು ವರ್ಷ ಆ ಬಾಗಿಲು ಬಡಿದು ಕೈ ಪಳಗಿದವರು! ಒಬ್ಬರು ಚಿಲಕ ಕುಟ್ಟಿದರು, ಒಬ್ಬರು ಕಿಟಕಿಗೆ ಕಲ್ಲು ತಟ್ಟಿದರು. ಎದುರಿಗೆ ಕಾಕು ತನ್ನ ಬಾಗಿಲಲ್ಲೇ ನಿಂತು, ಡಬ್ಬಿ ಬಿಟ್ಟು ಬರಲಾಗದೆ, ಅಲ್ಲಿಂದಲೇ “ಭಾವೂಜಿ, ಮಕ್ಕೊಂಡೀರೇನ್ರಿ?” ಎಂದು ಕೂಗಿದಳು. ಉತ್ತರ ಕೊಟ್ಟದ್ದು ಗೊರಕೆ.

ಅಷ್ಟರಲ್ಲಿ ಅಂಗನವಾಡಿಯಿಂದ ಅವ್ವ ಬಂದಳು. ಗುಂಪು ನೋಡಿ ಅವಳ ಮುಖ ಬಿಳಿಚಿತು. ಜನರನ್ನು ಸರಿಸಿ ಕಿಟಕಿಯ ಸಂದಿಗೆ ಕಿವಿ ಹಚ್ಚಿದಳು. ಗೊರಕೆ ಕೇಳಿತು. ಅವಳು ತಿರುಗಿ ನಿಂತು ಎಲ್ಲರ ಕಡೆಗೂ ಕೈ ಬೀಸಿದಳು.

“ಬಡೀಬ್ಯಾಡ್ರಿ. ಹೋಗ್ರಿ, ಎಲ್ಲಾರೂ ಮನೀಗಿ ಹೋಗ್ರಿ.”

“ಅವ್ವಾ, ನನಗ ಹಸಿವಾಗೈತಿ,” ಎಂದೆ.

“ನನಗೂ ಆಗೈತಿ. ಸುಮ್ನ ಕುಂದ್ರ.”

ಕಟ್ಟೆಯ ಮೇಲೆ ಕುಳಿತೆವು. ಅವ್ವ ಚೀಲದಿಂದ ಮಕ್ಕಳಿಗೆ ಹಂಚಿ ಉಳಿದ ಶೇಂಗಾ ಉಂಡೆ ತೆಗೆದು ಮುರಿದು, ದೊಡ್ಡ ತುಂಡು ನನಗೆ ಕೊಟ್ಟಳು. ಗೋಡೆಗೆ ಒರಗಿ ಚಪ್ಪಲಿ ಕಳಚಿದಳು. ನಾನು ಮೊಬೈಲು ತೆಗೆದು ನೋಡಿದೆ, ಒಳಗಿನ ಹೊಸ ಇಂಟರ್ನೆಟ್ಟು ಕಟ್ಟೆಯವರೆಗೂ ಬರುತ್ತಿತ್ತು. ಒಂದು ಹಾಡು ಹಚ್ಚಿದೆ.

“ದನಿ ಬಂದ್ ಮಾಡೋ,” ಎಂದಳು ಅವ್ವ.

ದನಿ ಬಂದ್ ಮಾಡಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ, ಅರ್ಧ ಉಂಡೆ ಕೈಯಲ್ಲಿ ಹಿಡಿದುಕೊಂಡೇ ಅವಳಿಗೂ ನಿದ್ದೆ ಹತ್ತಿತ್ತು.